ಸಂಜೆ ಕೇಳಬೇಕಿದ್ದ ಪ್ರಶ್ನೆ

ನಮ್ಮೂರಿಗೆ ಬರುವವರು ಹತ್ತುವುದಿಲ್ಲ, ಇಳಿಯುತ್ತಾರೆ. ಸಂಡೂರಿನ ಆಚೆ ಅದಿರು ತೆಗೆದು ತೆಗೆದು ಬಿಟ್ಟುಹೋದ ಗಣಿಯ ಹೊಂಡವೇ ನಮ್ಮ ಊರು. ಅಂಚಿನಿಂದ ತಳದವರೆಗೆ ಕೊರೆದ ಕಟ್ಟೆಗಳ ಮೇಲೆ ಮನೆಗಳು, ಶಾಲೆ, ಆಸ್ಪತ್ರೆ, ರಂಗಮಂದಿರ. ಬಿಸಿಲು ನಮ್ಮ ಕಟ್ಟೆಗೆ ಇಳಿಯುವಷ್ಟರಲ್ಲಿ ಮೇಲಿನವರು ಎರಡನೇ ಸಲ ಚಹಾ ಕುಡಿದಿರುತ್ತಾರೆ. ತಲೆ ಎತ್ತಿದರೆ ದುಂಡನೆಯ ಆಕಾಶ, ತಗ್ಗಿಸಿದರೆ ಕೆಂಪು ಮಣ್ಣು. ಊರ ಬಾಗಿಲಿನ ಕಲ್ಲಿನ ಮೇಲೆ ದೊಡ್ಡಕ್ಷರದಲ್ಲಿ ಕೊರೆದಿದ್ದಾರೆ: ‘ಒಬ್ಬರ ಕನಸಿಗೆ ಇನ್ನೊಬ್ಬರು ಅಡ್ಡ ನಿಲ್ಲಬಾರದು.’ ಮದುವೆಯಾಗಿ ಈ ಊರಿಗೆ ಬಂದ ದಿನ ಅದನ್ನು ಓದಿ ನನ್ನ ಕಣ್ಣು ತುಂಬಿ ಬಂದಿತ್ತು. ಈಗ ಓದಿದರೆ ಮೈ ಉರಿಯುತ್ತದೆ.

ಆ ಮಾತು ಅಕ್ಕಾರದ್ದು. ಡಾಕ್ಟರ್ ನೀಲಾಂಬಿಕಾ ಹಿರೇಮಠ ಎಂಬ ಹೆಸರು ಆಸ್ಪತ್ರೆಯ ಫಲಕದ ಮೇಲಷ್ಟೇ ಉಳಿದಿದೆ. ಊರಿಗೆಲ್ಲ ಅವರು ಅಕ್ಕಾರು. ಗಣಿ ಮುಚ್ಚಿದ ಮೇಲೆ ಇಲ್ಲಿ ಉಳಿದವರು ಹಗಲೆಲ್ಲ ಹೊರಸಿನ ಮೇಲೆ ಬಿದ್ದುಕೊಂಡಿರುತ್ತಿದ್ದರಂತೆ. ನರರೋಗದ ವೈದ್ಯೆಯಾಗಿ ಬಂದ ಅಕ್ಕಾರು ಅವರನ್ನು ನೋಡಿ ಒಂದು ಮಾತು ಅಂದುಕೊಂಡರು. ಮನುಷ್ಯನ ಕನಸು ಸೋಲಿನಿಂದ ಸಾಯುವುದಿಲ್ಲ, ಬೇಸರದಿಂದ ಸಾಯುತ್ತದೆ. ಯಾವುದೋ ಒಂದು ಮುಂಜಾನೆ ಏಳಲು ಮನಸ್ಸಾಗುವುದಿಲ್ಲ, ಅವತ್ತಿಗೆ ಮುಗಿಯಿತು. ಹಾಗಾದರೆ ಆಸೆ ಉರಿಯುತ್ತಿರುವಾಗಲೇ ಅದನ್ನು ಹಿಡಿದಿಟ್ಟುಕೊಂಡು, ದಿನಾ ಮುಂಜಾನೆ ಮತ್ತೆ ಹಚ್ಚಿದರೆ?

ಅದೇ ಬತ್ತಿ. ಹೇಳುವುದಕ್ಕೆ ಸುಲಭ. ಹರೆಯದವರು ತಮಗೆ ಬೇಕಾದದ್ದು ಇದೇ ಎಂದು ಖಚಿತವಾದ ದಿನ ನಮ್ಮ ಕೇಂದ್ರಕ್ಕೆ ಬಂದು ಟೋಪಿಯಂಥ ಯಂತ್ರದ ಕೆಳಗೆ ಮಲಗುತ್ತಾರೆ. ಆ ಗಳಿಗೆಯಲ್ಲಿ ಮಿದುಳಿನಲ್ಲಿ ಹರಿದಾಡುವ ಮಿಂಚಿನ ಜಾಡನ್ನು ಯಂತ್ರ ಬರೆದುಕೊಳ್ಳುತ್ತದೆ. ಆಮೇಲೆ ಅಕ್ಕಿಕಾಳಿನಷ್ಟು ದೊಡ್ಡ ಬತ್ತಿಯನ್ನು ಕಿವಿಯ ಹಿಂದೆ ಚರ್ಮದೊಳಗೆ ಕೂರಿಸುತ್ತೇವೆ. ಸೂರ್ಯ ಮೂಡುವ ಹೊತ್ತಿಗೆ ಅದು ತಾನಾಗಿ ಹೊತ್ತಿಕೊಂಡು ಅದೇ ಜಾಡನ್ನು ಮಿದುಳಿನಲ್ಲಿ ಮತ್ತೆ ಓಡಿಸುತ್ತದೆ. ಹತ್ತೊಂಬತ್ತರಲ್ಲಿ ಎಷ್ಟು ಬೇಕೆನಿಸಿತ್ತೋ ಐವತ್ತರಲ್ಲೂ ಅಷ್ಟೇ ಬೇಕೆನಿಸುತ್ತದೆ. ಹೊತ್ತು ಇಳಿದಂತೆ ಬತ್ತಿ ಸಣ್ಣಗಾಗಿ, ಸಂಜೆಗೆ ಆರುತ್ತದೆ.

ಅನ್ಯಾಯವಾಗಿ ಮಾತಾಡಬಾರದು. ಈ ಬತ್ತಿಯಿಂದ ಬದುಕಿದವರು ಬಹಳ. ಬೀಡಿ ಕಟ್ಟುತ್ತಿದ್ದ ಹೆಂಗಸೊಬ್ಬಳು ಮಸೂರ ಉಜ್ಜುವುದನ್ನು ಕಲಿತು ಮಾಡಿದ ದೂರದರ್ಶಕದಲ್ಲಿ ನಾನೇ ಶನಿಯ ಬಳೆ ನೋಡಿದ್ದೇನೆ. ಅದಿರಿನ ಲಾರಿ ಓಡಿಸುತ್ತಿದ್ದವನು ಪಿಟೀಲು ಮಾಡುತ್ತಾನೆ, ದೂರದೂರದಿಂದ ವಿದ್ವಾಂಸರು ಕೊಳ್ಳಲು ಬರುತ್ತಾರೆ. ಅವರಿಗೆ ಜಾಗ, ಸಾಮಾನು, ಗುರು ಎಲ್ಲವನ್ನೂ ಹೊಂದಿಸಿಕೊಟ್ಟವರು ಅಕ್ಕಾರೇ. ಹಾಗೆಂದು ಅವರು ಯಾರ ಮೇಲೂ ಬತ್ತಿ ಹೇರಿದವರಲ್ಲ. ವರ್ಷಕ್ಕೊಮ್ಮೆ, ಯುಗಾದಿಯ ಮುಂಜಾನೆ, ಊರಿನ ಒಬ್ಬೊಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಕೇಳುತ್ತಾರೆ: “ಇನ್ನೂ ಬೇಕೇನಪ್ಪಾ?” ಬೇಡ ಎಂದರೆ ಆರಿಸಿಬಿಡುವುದು, ಬೇಕು ಎಂದರೆ ಬಾಯಿಗೆ ಒಂದು ಚೂರು ಬೆಲ್ಲ. ಇವತ್ತಿನವರೆಗೆ ಯಾರೂ ಬೇಡ ಎಂದದ್ದಿಲ್ಲ. ಅಕ್ಕಾರಿಗೆ ಅದೇ ಹೆಮ್ಮೆ.

ನಾನು ಹುಲಿಗೆಮ್ಮ, ಬತ್ತಿ ಕೇಂದ್ರದ ತಂತ್ರಜ್ಞೆ. ಕೇಂದ್ರದಲ್ಲಿ ಕೆಲಸ ಮಾಡುವವರಿಗೆ ಬತ್ತಿ ಇಡುವಂತಿಲ್ಲ; ಹಾಗಾಗಿ ಊರಿನವರು ನಮ್ಮನ್ನು ‘ಪಾಪ, ಕನಸಿಲ್ಲದವರು’ ಎಂದು ಮರುಕದಿಂದ ನೋಡುತ್ತಾರೆ. ನೋಡಲಿ ಬಿಡಿ. ನಾನು ರಜೆಯ ದಿನ ಹೊತ್ತು ಏರುವವರೆಗೆ ನಿದ್ದೆ ಮಾಡುತ್ತೇನೆ, ಆ ಸುಖ ಅವರಿಗೇನು ಗೊತ್ತು?

ನನ್ನ ಗಂಡ ಕೊಟ್ರೇಶ ಪೈಲ್ವಾನ. ಹತ್ತೊಂಬತ್ತರಲ್ಲಿ ಬತ್ತಿ ಇಡಿಸಿಕೊಂಡವರು, ಈಗ ಐವತ್ತರ ಹತ್ತಿರ. ಹೋದ ವರ್ಷದ ಕುಸ್ತಿಯಲ್ಲಿ ಕುತ್ತಿಗೆಯ ಮೇಲೆ ಬಿದ್ದು ಎಲುಬು ಸರಿದಿದೆ. ಇನ್ನೊಂದು ಸಲ ಹಾಗೆ ಬಿದ್ದರೆ ಜೀವ ಹೋಗುತ್ತದೆ, ಉಳಿದರೆ ಕೈಕಾಲು ಹೋಗುತ್ತವೆ ಎಂದು ಡಾಕ್ಟರು ಇಬ್ಬರನ್ನೂ ಕೂರಿಸಿ ಹೇಳಿದ್ದಾರೆ. ಆದರೂ ಯುಗಾದಿಯ ಮುಂಜಾನೆ ಇವರು ಅಕ್ಕಾರ ಮುಂದೆ ಎದೆಯುಬ್ಬಿಸಿ ಬೇಕು ಎಂದು ಬೆಲ್ಲ ತಿಂದು ಬಂದರು. ಊರ ಕುಸ್ತಿಗೆ ಇನ್ನೂ ವಾರವಿತ್ತು, ಇವರ ಎದುರಿಗೆ ಇವರ ಅರ್ಧ ವಯಸ್ಸಿನ ಪೈಲ್ವಾನ.

ಸಂಜೆಯ ಕೊಟ್ರೇಶ ಬೇರೆಯೇ ಮನುಷ್ಯ. ಬತ್ತಿ ಆರಿದ ಮೇಲೆ ಗೋಡೆಗೆ ಒರಗಿ ಕೂರುತ್ತಾರೆ. ನಾನು ಉಪ್ಪು ಹುರಿದು, ಬಟ್ಟೆಯಲ್ಲಿ ಕಟ್ಟಿ ಕುತ್ತಿಗೆಗೆ ಶಾಖ ಕೊಡುತ್ತೇನೆ.

“ಸಾಕಾಗೇತಿ ಹುಲಿಗಿ,” ಎಂದರು ಅವತ್ತು. “ನಾಳೆಯಿಂದ ಗರಡಿಗೆ ಹೋಗಾಂಗಿಲ್ಲ. ಹಿತ್ತಲ ಮಾವಿನ ಗಿಡಕ್ಕ ನೀರ್ ಹಾಕ್ಕೊಂತ ಕುಂದರ್ತೀನಿ.”

“ಖರೇ ಹೇಳ್ರಿ?”

“ನಿನ್ನ ಆಣೆ.”

ಮರುದಿನ ನಾನು ಏಳುವಷ್ಟರಲ್ಲಿ ಅಂಗಳದಲ್ಲಿ ಬಸ್ಕಿಯ ಸದ್ದು. ಕೆಂಪು ಲಂಗೋಟಿ, ಮೈಯೆಲ್ಲ ಬೆವರು, ಕಣ್ಣಲ್ಲಿ ಹತ್ತೊಂಬತ್ತರ ಹುಡುಗ.

“ನಿನ್ನೆ ಏನಂದ್ರಿ ನೀವು? ನನ್ನ ಆಣೆ ಬ್ಯಾರೆ ಮಾಡಿದ್ರಿ!”

“ನಿನ್ನೆ ದಣಿದಿದ್ನಲೇ. ದಣಿದವ ಆಡಿದ ಮಾತನ್ನ ಯಾರ್ ಲೆಕ್ಕಕ್ಕ ಹಿಡೀತಾರ?” ಎಂದು ನಕ್ಕು ಗರಡಿಗೆ ನಡೆದರು.

ಆ ನಗುವಿಗೆ ಮನಸೋತೇ ನಾನು ಇವರನ್ನು ಮದುವೆಯಾದದ್ದು. ಅದೇ ನಗು ನನಗೆ ಅವತ್ತು ಬೀಗದ ಸದ್ದಿನಂತೆ ಕೇಳಿಸಿತು. ದಿನಾ ಸಂಜೆ ಗಂಡ ಬಿಡುಗಡೆಯಾಗಿ ಮನೆಗೆ ಬರುತ್ತಾರೆ, ದಿನಾ ಮುಂಜಾನೆ ಬತ್ತಿ ಅವರನ್ನು ಎಳೆದೊಯ್ಯುತ್ತದೆ. ಬಿಡಿಸುವ ದಾರಿ ಒಂದೇ. ಹೊತ್ತಿದ ಬತ್ತಿಯನ್ನು ಮಾತ್ರ ಆರಿಸಲು ಬರುತ್ತದೆ, ಅದರ ಜಾಡು ಮಿದುಳಿನಲ್ಲಿ ಓಡುತ್ತಿರುವಾಗಲೇ ಕೇಂದ್ರದಿಂದ ಎದುರು ಜಾಡನ್ನು ಹರಿಸಿ ಅಳಿಸಬೇಕು. ಅಂದರೆ ಮುಂಜಾನೆಯೇ ಆಗಬೇಕು. ಅದಕ್ಕೆ ಯಂತ್ರದ ಫಲಕದ ಮೇಲೆ ನನ್ನ ಅಂಗೈ ಜೊತೆ ಅಕ್ಕಾರ ಅಂಗೈಯೂ ಬೇಕು. ಮುಂಜಾನೆ ಕೊಟ್ರೇಶ ಬೇಡ ಎನ್ನುವುದಿಲ್ಲ, ಬೇಡ ಎನ್ನದವರ ಬತ್ತಿಯ ಮೇಲೆ ಅಕ್ಕಾರು ಕೈ ಇಡುವುದಿಲ್ಲ.

ಕುಸ್ತಿಗೆ ಎರಡು ದಿನ ಇರುವಾಗ ನಾನು ಅಕ್ಕಾರನ್ನು ಸಂಜೆ ಊಟಕ್ಕೆ ಕರೆದೆ. ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಮಾಡಿದ್ದೆ. ಎಪ್ಪತ್ತು ದಾಟಿದ ಅಕ್ಕಾರು ಕೋಲೂರಿಕೊಂಡು ಕಟ್ಟೆ ಇಳಿದು ಬಂದರು. ಸಂಜೆ ಅವರ ಬತ್ತಿಯೂ ಆರಿರುತ್ತದೆ. ಎಲ್ಲರಿಗೂ ಅವರವರ ಕನಸು ಸಿಗಬೇಕು ಎಂಬುದೇ ಅಕ್ಕಾರ ಕನಸು. ಊರಿನ ಮೊಟ್ಟಮೊದಲ ಬತ್ತಿ ಅವರು ತಮ್ಮ ಕಿವಿಯ ಹಿಂದೆಯೇ ಇಡಿಸಿಕೊಂಡದ್ದು.

ಊಟವಾದ ಮೇಲೆ ನಾನೇ ಬಾಯಿ ಬಿಟ್ಟೆ. “ಅಕ್ಕಾರ, ಆ ಮಾತು ಈಗೊಮ್ಮೆ ಇವರನ್ನ ಕೇಳ್ರಿ.”

ಅಕ್ಕಾರು ನನ್ನನ್ನು ನೋಡಿ, ಇವರ ಕಡೆ ತಿರುಗಿದರು. “ಇನ್ನೂ ಬೇಕೇನೋ ಕೊಟ್ರೇಶಿ?”

ಇವರು ಕುತ್ತಿಗೆ ಸವರಿಕೊಂಡರು. “ಖರೇ ಹೇಳ್ಲೇನ್ರಿ? ಸಾಕಾಗೇತ್ರಿ. ಕುತ್ತಿಗಿ ಹೊಳ್ಳಿಸಿ ನೋಡಿದ್ರ ಕಣ್ಣಿಗೆ ಕತ್ತಲಿ ಬರ್ತೈತಿ. ನನಗ ಸಾಯಾಕ ಮನಸಿಲ್ರಿ ಅಕ್ಕಾರ.”

“ಮತ್ತ ಯುಗಾದಿ ದಿನ ಬೇಕು ಅಂದೆಲ್ಲೋ?”

“ಆವಾಗ ಬೇಕಾಗಿತ್ರಿ.”

ಅಕ್ಕಾರು ನನ್ನ ಕಡೆ ತಿರುಗಿದರು. “ಹುಲಿಗೆಮ್ಮ, ನಾ ಮುಂಜಾನೇನ ಯಾಕ ಕೇಳ್ತೀನಿ?”

“ಶುಭ ಕೆಲಸ ಮುಂಜಾನೆ ಆಗಬೇಕು ಅಂತ ನೀವ ಹೇಳಿದ್ರಿ.”

“ಹೌದು. ಹಂಗಂದಿದ್ದೆ. ನಮ್ಮವ್ವ ಹಂಗ ಅಂತಿದ್ಲು.” ಅವರು ಹಣೆಗೆ ಕೈ ಹಚ್ಚಿದರು. “ಅಯ್ಯೋ, ಬತ್ತಿ ಉರಿಯೋ ಹೊತ್ತಿನ್ಯಾಗ ಬತ್ತಿ ಬೇಕೇನು ಅಂತ ಕೇಳೀನಲ್ಲೇ! ಬೇಕು ಅನ್ನದ ಮತ್ತೇನಂದಾರು? ನಾಳೆ ಬರ್ತೀನಿ ತಂಗಿ. ಆರಿಸೋಣ.”

ನಾನು ಅವರ ಕಾಲಿಗೆ ಬಿದ್ದೆ. ಇವರು ಮಗುವಿನಂತೆ ಅತ್ತುಬಿಟ್ಟರು.

ಕೇಂದ್ರದ ಗೋಡೆಯ ತುಂಬ ಚುಕ್ಕೆ ದೀಪಗಳು, ಒಬ್ಬೊಬ್ಬರ ಬತ್ತಿಗೆ ಒಂದೊಂದು. ಸೂರ್ಯ ಮೂಡಿದಾಗ ಎಲ್ಲವೂ ತಾವಾಗಿ ಹಳದಿಯಾಗುತ್ತವೆ, ಒಂದನ್ನು ಬಿಟ್ಟು. ಅಕ್ಕಾರ ಬತ್ತಿ ಮೊದಲ ಕಾಲದ್ದು, ಅದಕ್ಕೆ ತಾನಾಗಿ ಹೊತ್ತಿಕೊಳ್ಳುವ ಶಕ್ತಿಯಿಲ್ಲ, ನಾವೇ ಇಲ್ಲಿಂದ ದಿನಾ ಗುಂಡಿ ಒತ್ತಿ ಹಚ್ಚಬೇಕು. ಹೊಸದು ಹಾಕೋಣ ಎಂದರೆ, ಮೊದಲನೇದು ಇರಲಿ ಬಿಡ್ರಿ ಎನ್ನುತ್ತಿದ್ದರು. ನನ್ನ ದಿನದ ಮೊದಲ ಕೆಲಸ ಅದು. ಆ ಮುಂಜಾನೆಯೂ ರೂಢಿಯಂತೆ ಒತ್ತಿದೆ. ಒತ್ತಿದ ಮೇಲಷ್ಟೇ ಹೊಳೆಯಿತು, ಸಂಜೆ ಮಾತು ಕೊಟ್ಟ ಅಕ್ಕಾರ ಮನಸ್ಸನ್ನು ನಾನೇ ತಿರುಗಿಸಿಬಿಟ್ಟಿದ್ದೆ.

ಅಕ್ಕಾರು ಕೋಲಿಲ್ಲದೆ, ಬಿರುಸಾಗಿ ಬಂದರು. ಮುಖದಲ್ಲಿ ಬೆಳಕು. “ಬಾ ತಂಗಿ, ಹೊಸ ಸಂಗೀತಶಾಲೆ ನಕ್ಷೆ ತೋರಸ್ತೀನಿ!”

“ಅಕ್ಕಾರ, ನಿನ್ನೆ ಮಾತು...”

“ಯಾವದು? ಹಾಂ, ಅದಾ.” ನನ್ನ ತಲೆಯ ಮೇಲೆ ಕೈಯಿಟ್ಟರು. ಆ ಕೈಯಲ್ಲಿ ನಿಜವಾದ ಪ್ರೀತಿಯಿತ್ತು, ಅದೇ ನನ್ನನ್ನು ಇನ್ನಷ್ಟು ಹೆದರಿಸಿತು. “ಸಂಜೀ ಮಾತಿಗೆ ಕಿವಿ ಕೊಟ್ಟಿದ್ರ ಈ ಊರ ಇರ್ತಿರಲಿಲ್ಲ. ಸಂಜೀಕ ಎಲ್ಲಾರೂ ಸೋತಿರ್ತಾರ, ನಾನೂ ಸೋತಿರ್ತೀನಿ. ಅದಕ್ಕಲ್ಲೇನು ಬತ್ತಿ ಮಾಡಿದ್ದು?”

“ಅವರು ಸತ್ತ ಹೋದ್ರ?”

“ಕನಸಿನ ಹಾದ್ಯಾಗ ಹೋದಾನು. ಎಷ್ಟ ಮಂದಿಗೆ ಸಿಗತೈತಿ ಅಂಥದು? ಅವನಿಗೆ ಅಡ್ಡ ನಿಂದರಬ್ಯಾಡ ತಂಗಿ.”

ಸಂಜೆ ಎಲ್ಲರೂ ನನ್ನ ಮಾತು ಒಪ್ಪುತ್ತಾರೆ, ಮುಂಜಾನೆ ಒಬ್ಬರೂ ಒಪ್ಪುವುದಿಲ್ಲ. ಆಗಬೇಕಾದ ಕೆಲಸ ಮುಂಜಾನೆಯದು. ಇಷ್ಟು ದೊಡ್ಡ ಹೊಂಡದಲ್ಲಿ ಎರಡೂ ಹೊತ್ತು ಎಚ್ಚರವಾಗಿದ್ದು ಎಲ್ಲವನ್ನೂ ನೆನಪಿಟ್ಟುಕೊಳ್ಳಬೇಕಾದವಳು ನಾನೊಬ್ಬಳೇ ಎನಿಸಿತು.

ಕುಸ್ತಿಯ ದಿನ ಬಂತು. ಗೋಡೆಯ ದೀಪಗಳೆಲ್ಲ ಹೊತ್ತಿಕೊಂಡವು, ಇವರದೂ. ನಾನು ಅಕ್ಕಾರ ಗುಂಡಿಯ ಮುಂದೆ ಕೈ ಕಟ್ಟಿಕೊಂಡು ಕುಳಿತೆ. ಒತ್ತಲಿಲ್ಲ.

ಅವರು ತಾವಾಗಿ ಬರುತ್ತಾರೆ, ಸಂಜೆಯ ಮನಸ್ಸಿನಿಂದ ಫಲಕದ ಮೇಲೆ ಕೈ ಇಡುತ್ತಾರೆ ಎಂದುಕೊಂಡಿದ್ದೆ. ಬರಲಿಲ್ಲ. ಓಡುತ್ತಾ ಅವರ ಮನೆಗೆ ಹೋದೆ. ಅಕ್ಕಾರು ಹಾಸಿಗೆಯಲ್ಲಿ ಮಲಗಿ ಜಂತೆ ನೋಡುತ್ತಿದ್ದರು. ಮೂವತ್ತಕ್ಕೂ ಹೆಚ್ಚು ವರ್ಷ ದಿನಾ ಬತ್ತಿ ಸಾಲ ಕೊಟ್ಟ ಆಸೆಯಿಂದ ಎದ್ದವರು, ಸ್ವಂತದ್ದು ಎಲ್ಲಿಂದ ತಂದಾರು? ನನಗದು ಹೊಳೆದಿರಲೇ ಇಲ್ಲ.

“ನೀ ಇವತ್ತ ನನ್ನ ಬತ್ತಿ ಹಚ್ಚಿಲ್ಲ,” ಎಂದರು.

“ಇಲ್ರಿ.”

“ಸಿಟ್ಟ ಬರಬೇಕು. ಅದೂ ಬರವಲ್ದು.”

“ಅಕ್ಕಾರ, ಹೊತ್ತಿಲ್ರಿ. ಬಂದು ಕೈ ಇಡ್ರಿ, ಅವರದ್ದು ಆರಿಸಿಬಿಡ್ತೀನಿ.”

ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು. “ನಾ ಅವರನ್ನ ಬೇಕು ಅನ್ನೋ ಹೊತ್ತು ನೋಡಿ ಕೇಳ್ದೆ. ನೀ ನನ್ನ ಬ್ಯಾಡ ಅನ್ನೋ ಹೊತ್ತು ಮಾಡಿ ಕೇಳಾಕ ಬಂದಿ. ನಮ್ಮಿಬ್ಬರಿಗೂ ಏನ ವ್ಯತ್ಯಾಸ ಐತಿ ಹುಲಿಗೆಮ್ಮ?”

ನನಗೆ ನಾಚಿಕೆಯಾಯಿತು. ಆದರೆ ಭಯ ಅದಕ್ಕಿಂತ ದೊಡ್ಡದಿತ್ತು. “ವ್ಯತ್ಯಾಸ ಇಲ್ರಿ. ನಾನೂ ಕೆಟ್ಟಾಕೀನ. ಆದ್ರ ನನ್ನ ಗಂಡ ಇವತ್ತ ಸಾಯ್ತಾನ.”

ದೂರದಲ್ಲಿ ತಳದ ಕಣದಿಂದ ಹಲಗೆ ಬಾರಿಸುವ ಸದ್ದು ಏರಿ ಬಂತು. ಅಕ್ಕಾರು ಅದನ್ನು ಕೇಳುತ್ತಾ ಮಲಗಿದ್ದರು. ಆಮೇಲೆ ಒಂದು ಕೈಯೂರಿ ಎದ್ದು ಕುಳಿತರು.

“ಅವನ ಮಾತಿಲ್ಲದ ಆರಿಸಾಕ ಬರಂಗಿಲ್ಲ. ಮೊನ್ನೆ ಮನ್ಯಾಗ ಕೇಳಿದ್ದು ಸಾಲಂಗಿಲ್ಲ, ಅವನ್ನ ಊರ ಮುಂದ ಸಂಜೀಕ ಕೇಳಬೇಕು. ಅಲ್ಲೀತನಕ ಅವ ಬದಕಿರಬೇಕು, ಅಷ್ಟ ಹೌದಲ್ಲ?”

“ಹೌದ್ರಿ.”

“ಏಳಾಕ ಮನಸಿಲ್ಲ. ಆದ್ರ ಕಾಲ್ ಅದಾವು. ನಡಿ, ಹಿಡ್ಕೋ ನನ್ನ.”

ತಳದ ಕಟ್ಟೆಗೆ ಇಳಿಯುವ ಆ ದಾರಿ ನನಗೆ ಮುಗಿಯುವಂತೆಯೇ ಕಾಣಲಿಲ್ಲ. ಅಕ್ಕಾರು ನಾಲ್ಕು ಹೆಜ್ಜೆಗೊಮ್ಮೆ ನಿಂತು, ಯಾಕೆ ಹೊರಟಿದ್ದೇವೆಂದು ಮರೆತವರಂತೆ ನನ್ನ ಮುಖ ನೋಡುತ್ತಿದ್ದರು. ನಾನು ಹೇಳುತ್ತಿದ್ದೆ. ಮತ್ತೆ ನಡೆಯುತ್ತಿದ್ದರು.

ಮಜ್ಜಿಗೆ, ಅರಿಶಿನ, ಎಣ್ಣೆ ಹಾಕಿ ಹದ ಮಾಡಿದ ಕೆಂಪು ಮಣ್ಣಿನ ಕಣ. ಸುತ್ತ ಊರಿಗೆ ಊರೇ ನೆರೆದಿತ್ತು. ಕೊಟ್ರೇಶ ತೊಡೆ ತಟ್ಟಿ ಒಳಗಿಳಿದಿದ್ದರು, ಎದುರಿನ ಯುವಕ ಮಣ್ಣು ಮುಟ್ಟಿ ಹಣೆಗೊತ್ತಿಕೊಳ್ಳುತ್ತಿದ್ದ. ಅಕ್ಕಾರು ಚಪ್ಪಲಿ ಬಿಟ್ಟು ಜನರ ನಡುವೆ ದಾರಿ ಮಾಡಿಕೊಂಡು ಹೋಗಿ ಕಣದ ನಟ್ಟನಡುವೆ ಕುಳಿತುಬಿಟ್ಟರು.

ಹಲಗೆ ನಿಂತಿತು. ಹಿರಿಯರು ಕಣದೊಳಗೆ ಕುಳಿತಿರುವಾಗ ಯಾರೂ ಜೋಡಿ ಹಿಡಿಯಬಾರದು ಎಂಬುದು ನಮ್ಮ ಗರಡಿಯ ಕಟ್ಟಳೆ. ಕುಸ್ತಿ ಕಲಿಸುವ ಉಸ್ತಾದ್ ಖಾದರಸಾಬರು ಓಡಿ ಬಂದು ಕೈ ಮುಗಿದರು. “ಅಕ್ಕಾರ, ಮ್ಯಾಲ ಏಳ್ರಿ. ಹುಡುಗರು ಕಾದಾರ.”

“ಕಾಯ್ಲಿ.”

“ನಿಮ್ಮ ಮಾತ ಕಲ್ಲಿನ ಮ್ಯಾಲ ಬರದೈತ್ರಿ. ಕನಸಿಗೆ ಅಡ್ಡ ನಿಲ್ಲಬಾರದು ಅಂತ.”

“ನಿಂತಿಲ್ಲಪಾ. ಕುಂತೀನಿ.”

ಯಾರೋ ನಕ್ಕರು. ನಗು ಬೇಗ ಕೋಪವಾಯಿತು. “ಅಕ್ಕಾರಿಗೆ ಏನೋ ಆಗೇತಿ! ಬತ್ತಿ ಹಚ್ಚ್ರಿ ಮೊದಲು!” ಎಂದು ಒಬ್ಬ ಕೂಗಿದ. ಕೂಗು ಕಟ್ಟೆಯಿಂದ ಕಟ್ಟೆಗೆ ಏರಿತು. ಕೆಲವರು ನನ್ನ ಕಡೆ ನೋಡತೊಡಗಿದರು. ಸುತ್ತಲೂ ಕೊರೆದ ಬಂಡೆಯ ಗೋಡೆ, ಮೇಲೆ ಅಂಗೈಯಷ್ಟು ಆಕಾಶ; ಓಡಿಹೋಗಲು ಎಲ್ಲಿಗೆ?

ಅಕ್ಕಾರು ಯಾರನ್ನೂ ನೋಡಲಿಲ್ಲ. “ಕೊಟ್ರೇಶಿ, ಬಾ ಇಲ್ಲಿ. ಇಷ್ಟ ವರ್ಷ ಬೇಕೇನು ಅಂತ ಕೇಳ್ದೆ. ಯಾಕ ಬೇಕು ಅಂತ ಕೇಳ್ಲಿಲ್ಲ. ಯಾಕ ಬೇಕೋ ನಿನಗ?”

ಇವರು ಬಾಯಿ ತೆರೆದರು. ಯಂತ್ರ ಬರೆದುಕೊಂಡದ್ದು ಆಸೆಯ ಉರಿಯನ್ನು ಮಾತ್ರ, ಅದರ ಕಾರಣವನ್ನಲ್ಲ. ಇವರು ತಲೆ ಕೆರೆದುಕೊಂಡು, ಎಲ್ಲೋ ಬಿದ್ದ ವಸ್ತುವನ್ನು ಹುಡುಕುವವರಂತೆ ಮಣ್ಣು ನೋಡಿದರು.

“ಅಪ್ಪ ನೋಡ್ಲಿ ಅಂತ್ರಿ,” ಎಂದರು ಕೊನೆಗೆ. “ಅಪ್ಪ ಗಣಿಯೊಳಗ ಕೆಲಸಕ್ಕಿದ್ದ. ಪಾಳಿ ಮುಗಿಸಿ ಬಂದು ಅಲ್ಲಿ ಆ ಬಂಡೆಗಲ್ಲಿನ ಮ್ಯಾಲ ಕುಂತು ಕುಸ್ತಿ ನೋಡ್ತಿದ್ದ. ನಾ ಗೆದ್ದಿದ್ದನ್ನ ಒಮ್ಮೆ ನೋಡ್ಲಿ ಅಂತ.”

ಮಾವ ಸತ್ತು ಇಪ್ಪತ್ತು ವರ್ಷದ ಮೇಲಾಗಿದೆ. ಇವರು ಆ ಬಂಡೆಯ ಕಡೆ ನೋಡಿದರು. ಅಲ್ಲಿ ಯಾರೋ ಅಪರಿಚಿತರು ಕಡಲೆಕಾಯಿ ತಿನ್ನುತ್ತಿದ್ದರು. ಇವರ ಕಣ್ಣಿನಿಂದ ನೀರು ಸುರಿಯಿತು. ಆದರೂ ಕೈಗಳು ತಮ್ಮಷ್ಟಕ್ಕೆ ತೊಡೆಗೆ ಮಣ್ಣು ಹಚ್ಚಿಕೊಳ್ಳುತ್ತಲೇ ಇದ್ದವು.

“ಆದ್ರೂ ಬೇಕ್ರಿ ಅಕ್ಕಾರ. ಏಳ್ರಿ. ನನಗ ಬೇಕು.”

“ಗೊತ್ತೈತಿ. ಕುಂದರು.” ಅಕ್ಕಾರು ಇವರ ಎರಡೂ ಕೈ ಹಿಡಿದುಕೊಂಡರು. ಆ ಮುದುಕಿಯ ಹಿಡಿತ ಬಿಡಿಸಿಕೊಳ್ಳುವುದು ಇವರಿಗೆ ಚಿಟಿಕೆ ಕೆಲಸ, ಆದರೆ ಅವರ ಎಲುಬಿಗೆ ನೋವಾಗುತ್ತದೆಂದು ಇವರು ಬಿಡಿಸಿಕೊಳ್ಳಲಿಲ್ಲ. ಮೈಯೆಲ್ಲ ನಡುಗುತ್ತಾ ಎದುರಿಗೆ ಕುಳಿತರು.

ಹಾಗೆಯೇ ಮಧ್ಯಾಹ್ನವಾಯಿತು. ಬೈದವರು ಬೈದು ದಣಿದರು. ಖಾದರಸಾಬರು ಕೊಡೆ ತಂದು ಇಬ್ಬರ ಮೇಲೂ ಹಿಡಿದು ನಿಂತರು. ಹೊಂಡದೊಳಗೆ ನೆರಳು ಬೇಗ ಇಳಿಯುತ್ತದೆ. ಅವತ್ತು ಮೊದಲ ಸಲ ನಾನು ನಮ್ಮೂರಿನ ಆ ನೆರಳಿಗೆ ಕೈ ಮುಗಿದೆ. ಸಂಜೆಗೆ ಬತ್ತಿ ಆರುತ್ತಾ ಬಂದಂತೆ ಇವರ ನಡುಕ ನಿಂತಿತು. ಭುಜ ಇಳಿಯಿತು. ಸುತ್ತ ನಿಂತವರ ದನಿಗಳೂ ತಗ್ಗಿದವು. ಎದುರಾಳಿ ಯುವಕ ಬಂದು ಸುಮ್ಮನೆ ಇವರ ಪಕ್ಕ ಕುಳಿತ.

ಆಗ ಅಕ್ಕಾರು ಕೇಳಿದರು. “ಇನ್ನೂ ಬೇಕೇನಪ್ಪಾ?”

“ಬ್ಯಾಡ್ರಿ.”

ಇಷ್ಟು ವರ್ಷಗಳಲ್ಲಿ ಊರೆದುರು ಆ ಪ್ರಶ್ನೆಗೆ ಬಂದ ಮೊದಲ ಬೇಡ ಅದು. ಅಕ್ಕಾರು ಸೆರಗಿನ ಗಂಟು ಬಿಚ್ಚಿ ಬೆಲ್ಲ ತೆಗೆದು ಇವರ ಬಾಯಿಗಿಟ್ಟರು.

ಮರುದಿನ ಮುಂಜಾನೆ ಅಕ್ಕಾರನ್ನು ನಾನೇ ಕೇಂದ್ರಕ್ಕೆ ಕರೆತಂದೆ. ಅವರ ದೀಪ ಕಪ್ಪಾಗಿಯೇ ಇತ್ತು. ಹೊರಗೆ ಬಾಗಿಲ ಬಳಿ ಜನ ಕೂಗುತ್ತಿದ್ದರು, ನಮ್ಮ ಅಕ್ಕಾರನ್ನ ನಮಗೆ ಕೊಡ್ರಿ ಎಂದು. ಕೊಟ್ರೇಶರ ದೀಪ ಹಳದಿಯಾಯಿತು. ಅಕ್ಕಾರು ಫಲಕದ ಮೇಲೆ ಅಂಗೈ ಇಟ್ಟರು, ನಾನೂ ಇಟ್ಟೆ. ದೀಪ ಒಮ್ಮೆ ಮಿನುಗಿ ನಂದಿತು.

“ನಿಮ್ಮದೇನ ಮಾಡ್ಲಿ ಅಕ್ಕಾರ?” ಎಂದು ಕೇಳಿದೆ. “ಹೊರಗ ಕೂಗಾಕತ್ತಾರ.”

ಅವರು ಗೋಡೆಯ ತುಂಬ ಉರಿಯುತ್ತಿದ್ದ ದೀಪಗಳನ್ನು ನೋಡಿದರು. “ಇವರನ್ನೆಲ್ಲ ಸಂಜೀಕ ಕೇಳಬೇಕು. ಕೇಳಾಕ ನನಗ ಮನಸ ಬರಬೇಕಲ್ಲ, ಬತ್ತಿ ಹಚ್ಚದ ಅದು ಬರತೈತೋ ಇಲ್ಲೋ. ಬೇಕೇನು ಅಂತ ನನ್ನ ದಿನಾ ಕೇಳು ತಂಗಿ. ಒಮ್ಮೆ ಕೇಳಿ ಬಿಡಬ್ಯಾಡ.”

ಹಿಂದಿನ ಬಾಗಿಲಿನಿಂದ ಮನೆಗೆ ಬಂದೆ. ಅಂಗಳದಲ್ಲಿ ಬಸ್ಕಿಯ ಸದ್ದಿರಲಿಲ್ಲ. ಇವರು ಹಾಸಿಗೆಯಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿದ್ದರು. ನನ್ನನ್ನು ನೋಡಿದರೂ ಗುರುತು ಹತ್ತಿದಂತೆ ಕಾಣಲಿಲ್ಲ. ಎಂಥ ಕೆಲಸ ಮಾಡಿಬಿಟ್ಟೆ ಎಂದುಕೊಂಡೆ. ಪಕ್ಕದಲ್ಲಿ ಕುಳಿತೆ. ಏನು ಕೇಳುವುದೆಂದು ತಿಳಿಯಲಿಲ್ಲ. ಗೊತ್ತಿದ್ದ ಪ್ರಶ್ನೆ ಒಂದೇ.

“ಏನಾದ್ರೂ ಬೇಕೇನ್ರಿ?”

ಬಿಸಿಲು ಮೇಲಿನ ಕಟ್ಟೆ ದಾಟಿ ನಮ್ಮ ಕಿಟಕಿಗೆ ಬರುವವರೆಗೂ ಇವರು ಮಾತಾಡಲಿಲ್ಲ. ಆಮೇಲೆ ಹುಬ್ಬು ಗಂಟಿಕ್ಕಿದರು. ತಮ್ಮೊಳಗೆ ಏನೋ ಸರಿದಾಡಿದ್ದು ಅವರಿಗೇ ಅಚ್ಚರಿಯಾದಂತೆ ಇತ್ತು.

“ಚಹಾ ಬೇಕು,” ಎಂದರು. “ಒಂದೀಟು ಶುಂಠಿ ಹಾಕು.”